ನಗಿಸಿ ನಂಬಿಸುವ ಕುರಿಮರಿ: ಪಂಥ ನಡೆಸುವ ಆಟದ ಬಗ್ಗೆ ಆಟಗಾರರ ತಕರಾರುಗಳು

'ಕಲ್ಟ್ ಆಫ್ ದ ಲ್ಯಾಂಬ್' ಎಂಬ ವಿಡಿಯೊ ಆಟ ಆಡಿದವರನ್ನು ಮಾತಿಗೆ ಎಳೆದು ನೋಡಿ. ದೇವರು, ಬಲಿ, ರಕ್ತ, ಕತ್ತಿವರಸೆ ಎಲ್ಲ ಆಮೇಲೆ. ಮೊದಲು ಬರುವುದು ಒಂದು ಗೊಣಗಾಟ. ದಂಡಯಾತ್ರೆ ಮುಗಿಸಿ, ಎದುರಾದವರನ್ನೆಲ್ಲ ಕತ್ತರಿಸಿ, ಹೊಸ ಅನುಯಾಯಿಯೊಬ್ಬನನ್ನು ಬಿಡಿಸಿಕೊಂಡು ವೀರಾವೇಶದಲ್ಲಿ ಬೀಡಿಗೆ ಮರಳಿದರೆ ಅಲ್ಲಿ ಎಲ್ಲೆಂದರಲ್ಲಿ ಮಲ ಬಿದ್ದಿರುತ್ತದೆ. ಅದನ್ನು ಬಳಿಯಬೇಕಾದವರು ನೀವೇ. ಕೆಲವರಿಗೆ ಇದು ಬರಿಯ ಬೇಸರ. ಇನ್ನು ಕೆಲವರಿಗೆ ಇಡೀ ಆಟದ ಅತ್ಯುತ್ತಮ ಹಾಸ್ಯ ಇದೇ. ಇವತ್ತು ನಾನು ಇಂಥ ಗೊಣಗಾಟಗಳನ್ನೇ ಹಿಡಿದು ಮಾತನಾಡುತ್ತೇನೆ. ಹೊಗಳಿಕೆಗಳು ಬಹುಮಟ್ಟಿಗೆ ಒಂದೇ ತರಹ ಇರುತ್ತವೆ: ಚಿತ್ರ ಮುದ್ದಾಗಿದೆ, ಸಂಗೀತ ಚೆನ್ನಾಗಿದೆ, ಸಮಯ ಹೋದದ್ದೇ ತಿಳಿಯಲಿಲ್ಲ. ತಕರಾರು ಹೇಳುವವರು ಮಾತ್ರ ಆಟದೊಳಗೆ ತಾವೇನು ಮಾಡಿದೆವು ಎಂಬುದನ್ನೂ ಜೊತೆಗೆ ಹೇಳಿಬಿಡುತ್ತಾರೆ.

ಆಡದವರಿಗಾಗಿ ಎರಡು ಮಾತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮ್ಯಾಸಿವ್ ಮಾನ್‌ಸ್ಟರ್ ಎಂಬ ಸಣ್ಣ ತಂಡ ಇದನ್ನು ತಯಾರಿಸಿತು, ಡೆವಾಲ್ವರ್ ಡಿಜಿಟಲ್ ಪ್ರಕಟಿಸಿತು. ಹೊರಬಂದದ್ದು 2022ರ ಆಗಸ್ಟ್ 11ರಂದು. ಮೊದಲ ವಾರದಲ್ಲೇ ಹತ್ತು ಲಕ್ಷ ಆಟಗಾರರನ್ನು ಮುಟ್ಟಿತು. ನೀವು ಒಂದು ಕುರಿಮರಿ. ಹಳೆಯ ಶ್ರದ್ಧೆಯ ನಾಲ್ವರು ಮಹಾಗುರುಗಳು ನಿಮ್ಮ ಕುಲವನ್ನೇ ಅಳಿಸಿದ್ದಾರೆ. ಕೊನೆಯದಾಗಿ ಉಳಿದ ನಿಮ್ಮನ್ನೂ ಬಲಿಗಲ್ಲಿಗೆ ತರುತ್ತಾರೆ. ಸತ್ತ ಮೇಲೆ ಸರಪಳಿಯಲ್ಲಿ ಬಂಧಿಯಾಗಿರುವ ಒಂದು ಶಕ್ತಿ ನಿಮ್ಮನ್ನು ಎದುರುಗೊಳ್ಳುತ್ತದೆ. 'ಕಾಯುತ್ತಿರುವವನು' ಎಂದು ಅದರ ಹೆಸರು. ಅವನು ಕೆಂಪು ಕಿರೀಟ ಕೊಟ್ಟು ಮರುಜೀವ ಕೊಡುತ್ತಾನೆ. ಬದಲಿಗೆ ಅವನ ಹೆಸರಿನಲ್ಲಿ ಒಂದು ಪಂಥ ಕಟ್ಟಬೇಕು, ಆ ನಾಲ್ವರನ್ನೂ ಕೊಲ್ಲಬೇಕು. ಹೀಗಾಗಿ ಆಟದಲ್ಲಿ ಎರಡು ಅರ್ಧಗಳಿವೆ: ಕತ್ತಲೆಯ ಕಾಡುಗಳಿಗೆ ನುಗ್ಗಿ ಹೊಡೆದಾಡುವುದು ಒಂದು, ಬೀಡಿಗೆ ಬಂದು ಜನರನ್ನು ಸಾಕುವುದು ಇನ್ನೊಂದು.

ಆಟಗಾರರ ಮೊದಲ ಜಗಳ ಹುಟ್ಟುವುದು ಈ ಎರಡು ಅರ್ಧಗಳ ನಡುವೆ. ಹೊಡೆದಾಟದ ಆಟಗಳಲ್ಲಿ ಪಳಗಿದವರು ಇಲ್ಲಿಯ ಹೊಡೆದಾಟ ತೆಳು ಎನ್ನುತ್ತಾರೆ. ಪ್ರತಿ ಯಾತ್ರೆಯಲ್ಲೂ ಆಯುಧ ಅದೃಷ್ಟದ ಮೇಲೆ ಸಿಗುತ್ತದೆ: ಕತ್ತಿ, ಕೊಡಲಿ, ಸುತ್ತಿಗೆ, ಚೂರಿ, ಉಗುರು. ಜೊತೆಗೆ ಒಂದು ಶಾಪ, ಅಂದರೆ ಶತ್ರುಗಳ ಮೇಲೆ ಪ್ರಯೋಗಿಸುವ ಮಾಯಾಶಕ್ತಿ; ದಾರಿಯಲ್ಲಿ ಸಿಗುವ, ಆ ಯಾತ್ರೆಗೆ ಬಲ ಕೊಡುವ ಕೆಲವು ಟ್ಯಾರೋ ಎಲೆಗಳು. ಸುತ್ತಿಗೆ ಕೈಗೆ ಬಂದ ದಿನ ನಿಟ್ಟುಸಿರು ಬಿಡುವವರು ಬಹಳ. ಅದು ಅಷ್ಟು ನಿಧಾನ. ಇತ್ತ ಊರು ಕಟ್ಟುವ ಆಟಗಳನ್ನು ಆಡಿ ಬೆಳೆದವರು ಬೀಡಿನ ಆಡಳಿತವೇ ತೆಳು ಎನ್ನುತ್ತಾರೆ. ಅವರಿಗೆ ಲೆಕ್ಕಪತ್ರ ಸಾಲದು, ಕಟ್ಟಡಗಳ ನಡುವೆ ಆಳವಾದ ಸಂಬಂಧ ಸಾಲದು. ಎರಡೂ ಕಡೆಯವರು ತಮಗೆ ಗೊತ್ತಿರುವ ಅರ್ಧವನ್ನೇ ತೆಳು ಎಂದು ದೂರುತ್ತಿದ್ದಾರೆ, ಗಮನಿಸಿ. ಒಂದೊಂದೇ ತೆಗೆದುಕೊಂಡರೆ ಇಬ್ಬರ ಮಾತೂ ನಿಜ. ಆದರೆ ಯಾವುದನ್ನಾದರೂ ಆಳವಾಗಿಸಿದ್ದರೆ ಇನ್ನೊಂದು ಕಿರಿಕಿರಿಯಾಗುತ್ತಿತ್ತು ಎಂಬುದು ನನ್ನ ಅಂದಾಜು. ಯಾತ್ರೆಯಲ್ಲಿದ್ದಾಗಲೂ ಬೀಡಿನಲ್ಲಿ ಕಾಲ ಓಡುತ್ತಲೇ ಇರುತ್ತದೆ. ದೈತ್ಯನೊಬ್ಬನ ಎದುರು ಜೀವ ಕೈಯಲ್ಲಿ ಹಿಡಿದು ನಿಂತಿದ್ದಾಗ ಪರದೆಯ ಅಂಚಿನಲ್ಲಿ ನಿಮ್ಮವರು ಹಸಿದಿದ್ದಾರೆ ಎಂಬ ಸೂಚನೆ ಬರುತ್ತದೆ. ಇದನ್ನು ದೂರುವವರೂ ಇದ್ದಾರೆ. ನನಗೆ ಇದು ಬಹಳ ಇಷ್ಟ. ಈ ಆತಂಕ ಇಲ್ಲದಿದ್ದರೆ ಎರಡು ಅರ್ಧಗಳು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಟಗಳಾಗುತ್ತಿದ್ದವು.

ಈಗ ನಗುವಿನ ವಿಚಾರಕ್ಕೆ ಬರೋಣ. ಆಟ ಎಲ್ಲಿ ನಗಿಸುತ್ತದೆ ಎಂದು ಕೇಳಿದರೆ ಬಹುತೇಕರು ಹೇಳುವುದು ಚಿತ್ರದ ಶೈಲಿಯನ್ನು: ದೊಡ್ಡ ಕಣ್ಣಿನ ಮುದ್ದು ಪ್ರಾಣಿಗಳು, ಅವುಗಳ ನಡುವೆ ನರಬಲಿ. ಅದು ಹೌದು, ಆದರೆ ಆ ತಮಾಷೆ ಅರ್ಧ ಗಂಟೆಗೆ ಹಳತಾಗುತ್ತದೆ. ಅದಕ್ಕಿಂತ ಬಾಳಿಕೆ ಬರುವ ತಮಾಷೆ ಅನುಯಾಯಿಗಳ ಬೇಡಿಕೆಗಳಲ್ಲಿದೆ. ಒಂದು ಸಂದರ್ಭವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅನುಯಾಯಿಯೊಬ್ಬ ಓಡಿ ಬರುತ್ತಾನೆ, ತಲೆಯ ಮೇಲೆ ಸೂಚನೆಯ ಗುರುತು. ಮಾತನಾಡಿಸಿದರೆ ನಾಚುತ್ತಾ ತನ್ನ ಬಯಕೆ ಹೇಳುತ್ತಾನೆ: ಅವನಿಗೆ ಮಲದಿಂದ ಮಾಡಿದ ಅಡುಗೆಯನ್ನು ಒಮ್ಮೆ ತಿಂದು ನೋಡಬೇಕಂತೆ. ಒಪ್ಪಬಹುದು, ತಿರಸ್ಕರಿಸಬಹುದು. ತಿರಸ್ಕರಿಸಿದರೆ ಪಂಥದ ನಂಬಿಕೆ ಸ್ವಲ್ಪ ಇಳಿಯುತ್ತದೆ. ಒಪ್ಪಿದರೆ ನೀವೇ ಒಲೆಯ ಮುಂದೆ ನಿಂತು ಆ ಅಡುಗೆ ಮಾಡಿ ಬಡಿಸಬೇಕು. ತಿಂದವನಿಗೆ ಕಾಯಿಲೆ ಬಂದರೂ ಬಂದೀತು. ಕಾಯಿಲೆ ಬಿದ್ದವನು ವಾಂತಿ ಮಾಡುತ್ತಾನೆ, ಅದನ್ನೂ ನೀವೇ ಒರೆಸಬೇಕು. ಇಷ್ಟಾದರೂ ಬೇಡಿಕೆ ಈಡೇರಿತೆಂದು ಅವನ ನಿಷ್ಠೆ ಏರಿರುತ್ತದೆ. ಇನ್ನೊಮ್ಮೆ ಬೇರೊಬ್ಬ ಬಂದು ಅದೇ ಅಡುಗೆಯನ್ನು ತನ್ನ ಗೆಳೆಯನಿಗೆ ಗೊತ್ತಾಗದಂತೆ ತಿನ್ನಿಸಿ ಎಂದು ಕೇಳುತ್ತಾನೆ.

ನಗು ಬರುತ್ತದೆ, ಅಲ್ಲವೇ? ನೀವೂ ಈಗ ನಕ್ಕಿರಿ. ಆದರೆ ಆ ನಗುವಿನ ಮರೆಯಲ್ಲಿ ಏನಾಯಿತು ನೋಡಿ. ನಿಮ್ಮ ಮಾತು ನಂಬಿ ಬಂದ ಒಂದು ಜೀವಿಗೆ ವಿಷದಂಥ ಊಟ ಬಡಿಸುವುದು ಒಳ್ಳೆಯ ನಿರ್ಧಾರ ಎಂದು ಲೆಕ್ಕ ಹಾಕಿ ಒಪ್ಪಿದಿರಿ. ಗಂಭೀರ ಮುಖದ ಆಟವೊಂದು ಇದನ್ನು ಮಾಡಿಸಿದ್ದರೆ ಬಹಳ ಜನ ಅಲ್ಲೇ ಕೈಬಿಡುತ್ತಿದ್ದರು. ಹಾಸ್ಯ ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ ಎಂಬುದು ನನ್ನ ವಾದ. ಆಟಗಾರನ ಕೈ ಹಿಂಜರಿಯದಂತೆ ನೋಡಿಕೊಳ್ಳುವುದು ಅದರ ಕೆಲಸ, ಅದನ್ನು ಅದು ಚೊಕ್ಕವಾಗಿ ಮಾಡುತ್ತದೆ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಬಗೆಯ ಅಭಿಪ್ರಾಯವನ್ನು ಮತ್ತೆ ಮತ್ತೆ ಕೇಳುತ್ತೇವೆ. ನಾನು ಒಳ್ಳೆಯ ನಾಯಕನಾಗಿಯೇ ಆಡಿದೆ, ಯಾರನ್ನೂ ಬಲಿ ಕೊಡಲಿಲ್ಲ, ಎಲ್ಲರಿಗೂ ಹೊಟ್ಟೆ ತುಂಬ ಊಟ ಹಾಕಿದೆ, ಸತ್ತವರಿಗೆ ಗೌರವದಿಂದ ಅಂತ್ಯಕ್ರಿಯೆ ಮಾಡಿದೆ ಎಂದು ಹೇಳುವವರು. ಇವರು ಕಡಿಮೆ ಸಂಖ್ಯೆಯವರಲ್ಲ. ಕೆಲವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ದೂರಿನ ಧಾಟಿಯಲ್ಲಿ: ಒಳ್ಳೆಯವನಾಗಿದ್ದಕ್ಕೆ ಆಟ ಬೇರೆ ಫಲ ಕೊಡಲಿಲ್ಲ, ಕೆಟ್ಟವನಾಗಿದ್ದರೂ ಹೀಗೇ ನಡೆಯುತ್ತಿತ್ತು ಎಂದು. ನನಗೆ ಈ ಆಟದ ಬಗ್ಗೆ ಕೇಳಿದ ಮಾತುಗಳಲ್ಲೆಲ್ಲ ತೂಕವಾದದ್ದು ಇದೇ ದೂರು.

ಆಟದ ಯಂತ್ರ ಹೇಗೆ ಓಡುತ್ತದೆ ನೋಡಿ. ಅನುಯಾಯಿಗಳ ನಿಷ್ಠೆ ಏರಿದಂತೆಲ್ಲ ನಿಮಗೆ ಒಂದು ಕಲ್ಲಿನ ಚೂರು ಸಿಗುತ್ತದೆ. ಮೂರು ಚೂರು ಸೇರಿದರೆ ಒಂದು ಕಟ್ಟಳೆ ಹೊರಡಿಸಬಹುದು. ಪ್ರತಿ ಸಲ ಎರಡು ದಾರಿ ತೆರೆಯುತ್ತವೆ, ಒಂದನ್ನು ಆರಿಸಿದರೆ ಇನ್ನೊಂದು ಮುಚ್ಚುತ್ತದೆ. ಅವುಗಳಲ್ಲಿ ಒಂದು ಜೋಡಿ ಹೀಗಿದೆ: ದಿನಕ್ಕೊಮ್ಮೆ ಅನುಯಾಯಿಯ ಎದುರು ಕುಣಿದು ಹುರಿದುಂಬಿಸುವುದು, ಇಲ್ಲವೇ ದಿನಕ್ಕೊಮ್ಮೆ ಅವನನ್ನು ಹೆದರಿಸುವುದು. ಹುರಿದುಂಬಿಸಿದರೂ ನಿಷ್ಠೆ ಏರುತ್ತದೆ, ಹೆದರಿಸಿದರೂ ಏರುತ್ತದೆ. ಇನ್ನೊಂದು ಜೋಡಿಯಲ್ಲಿ ಅನುಯಾಯಿಗಳಿಂದ ಕಾಣಿಕೆ ವಸೂಲಿ ಮಾಡುವುದು ಒಂದು ದಾರಿ, ಅವರಿಗೇ ಹಣ ಕೊಟ್ಟು ಒಲಿಸಿಕೊಳ್ಳುವುದು ಇನ್ನೊಂದು. ಹಬ್ಬದೂಟದ ವಿಧಿ ಬೇಕೋ, ಉಪವಾಸದ ವಿಧಿ ಬೇಕೋ ಎಂದೂ ಆರಿಸಬೇಕು. ಉಪವಾಸ ಆರಿಸಿದರೆ ಕೆಲವು ದಿನ ಯಾರಿಗೂ ಹಸಿವೆಯೇ ಆಗುವುದಿಲ್ಲ. ಅಡುಗೆ ಮಾಡುವ ನಿಮಗೆ ಅದೇ ಹಬ್ಬ. ಪ್ರೀತಿಗೆ ಬೇರೆ ಅಳತೆಗೋಲು, ಕ್ರೌರ್ಯಕ್ಕೆ ಬೇರೆ ಅಳತೆಗೋಲು ಎಂಬುದು ಈ ಆಟದಲ್ಲಿ ಇಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಅಳೆಯುತ್ತದೆ. ಹಾಗಾಗಿ ಯಾರನ್ನೂ ಬಲಿ ಕೊಡದ ಒಳ್ಳೆಯ ನಾಯಕನೂ ಬೆಳಿಗ್ಗೆ ಎದ್ದು ಪ್ರವಚನ ಮಾಡುವುದು ತನ್ನ ಕತ್ತಿ ಹರಿತವಾಗಲೆಂದೇ. ಅನ್ನ ಹಾಕುವುದು ಪ್ರತಿಮೆಯ ಮುಂದೆ ಅವರು ದಣಿಯದೆ ಪ್ರಾರ್ಥಿಸಲೆಂದು. ಒಳ್ಳೆಯವನಾಗಿ ಆಡಿದವರಿಗೆ ಫಲ ಸಿಗಲಿಲ್ಲ ಎಂಬುದು ನಿಜವಲ್ಲ, ಸಿಕ್ಕ ಫಲ ಅದೇ ಆಗಿತ್ತು ಎಂಬುದೇ ಅವರಿಗಾದ ಕಸಿವಿಸಿ.

ಮುದುಕರ ವಿಷಯದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅನುಯಾಯಿಗಳಿಗೆ ವಯಸ್ಸಾಗುತ್ತದೆ. ಗಡ್ಡ ಬೆಳ್ಳಗಾಗಿ, ಕೋಲೂರಿಕೊಂಡು ಬೀಡಿನಲ್ಲಿ ಸುಮ್ಮನೆ ತಿರುಗುತ್ತಾರೆ. ಮರ ಕಡಿಯುವುದಿಲ್ಲ, ಕಲ್ಲು ಒಡೆಯುವುದಿಲ್ಲ, ಪ್ರಾರ್ಥನೆಗೂ ನಿಲ್ಲುವುದಿಲ್ಲ. ಊಟಕ್ಕೆ ಮಾತ್ರ ತಪ್ಪದೆ ಬರುತ್ತಾರೆ. ಹಿರಿಯರನ್ನು ಗೌರವಿಸಿ ಎಂಬ ಕಟ್ಟಳೆ ಹೊರಡಿಸಿದರೆ ಅವರು ಇರುವುದರಿಂದ ಪಂಥಕ್ಕೆ ಒಳಿತಾಗುತ್ತದೆ. ಅದರ ಎದುರಿನ ಕಟ್ಟಳೆ ಆರಿಸಿದರೆ ಮುದುಕನನ್ನು ಬಲಿ ಕೊಟ್ಟಾಗ ಎಲ್ಲರ ನಂಬಿಕೆ ಹೆಚ್ಚುತ್ತದೆ, ಅವನು ತಾನಾಗಿ ಸತ್ತರೆ ಕುಸಿಯುತ್ತದೆ. ಮೊದಲಿಂದಲೂ ಜೊತೆಗಿದ್ದ, ಕಾಡಿನಿಂದ ತಾವೇ ಬಿಡಿಸಿ ತಂದಿದ್ದ ಅನುಯಾಯಿ ಮುದುಕನಾದಾಗ ಕೈ ಬರಲಿಲ್ಲ ಎನ್ನುವ ಆಟಗಾರರ ಮಾತು ಕೇಳಿದ್ದೇನೆ. ಮುದುಕ ಎಂದು ಸೂಚನೆ ಬಂದ ಕೂಡಲೇ ಬಲಿಪೀಠಕ್ಕೆ ಕರೆದೊಯ್ಯುವುದು ರೂಢಿಯಾಯಿತು ಎನ್ನುವವರನ್ನೂ ಕೇಳಿದ್ದೇನೆ. ಎಷ್ಟೋ ಸಲ ಇಬ್ಬರೂ ಒಬ್ಬರೇ. ನಡುವೆ ಹತ್ತೋ ಹದಿನೈದೋ ಗಂಟೆಗಳ ಆಟ ಕಳೆದಿರುತ್ತದೆ, ಅಷ್ಟೆ.

ಇಲ್ಲಿ ಒಂದು ಅಡ್ಡಮಾತು. ಅನುಯಾಯಿಗಳಿಗೆ ಹೆಸರಿಡುವ ಅವಕಾಶ ನಿಮಗೇ ಇರುತ್ತದೆ. ಬಹಳ ಜನ ತಮ್ಮ ಗೆಳೆಯರ ಹೆಸರು ಇಡುತ್ತಾರೆ. ಆಮೇಲೆ ಆ ಗೆಳೆಯರಿಗೇ ಸಂದೇಶ ಕಳಿಸುತ್ತಾರೆ: ನಿನ್ನೆ ನೀನು ಸತ್ತೆ, ಸಾರು ಮಾಡಿ ಎಲ್ಲರಿಗೂ ಬಡಿಸಿದೆ ಎಂದು. ಆಟವನ್ನು ಟ್ವಿಚ್‌ನಲ್ಲಿ ನೇರಪ್ರಸಾರ ಮಾಡುವವರಿಗೆ ಇದಕ್ಕೊಂದು ಏರ್ಪಾಡೇ ಇದೆ. ನೋಡುತ್ತಿರುವವರ ಹೆಸರು ಚೀಟಿ ಎತ್ತಿ, ಗೆದ್ದವರನ್ನು ಅನುಯಾಯಿಯನ್ನಾಗಿ ಒಳಗೆ ತರಬಹುದು. ತನ್ನ ಹೆಸರಿನ ನರಿಯೋ ಮೊಲವೋ ಯಾವಾಗ ಬಲಿಯಾಗುತ್ತದೆ ಎಂದು ಜನ ಕಾದು ಕುಳಿತು ನೋಡುತ್ತಾರೆ. ಬಲಿಯಾದಾಗ ಖುಷಿಪಡುತ್ತಾರೆ. ಪಂಥಗಳ ಬಗ್ಗೆ ಆಟ ಬರೆದವರು ಇದಕ್ಕಿಂತ ಒಳ್ಳೆಯ ವ್ಯಂಗ್ಯ ಬರೆಯಲಾರರು. ಇದನ್ನು ನೋಡುವವರೇ ಬರೆದರು.

ಹಾಗಾದರೆ ಈ ಆಟ ಪಂಥಗಳನ್ನು ವಿಮರ್ಶಿಸುತ್ತದೆಯೇ? ಇಲ್ಲ ಎಂದು ದೂರುವವರ ಮಾತಿನಲ್ಲಿ ಹುರುಳಿದೆ. ಮೆದುಳು ತೊಳೆಯುವುದಕ್ಕೆ ಇಲ್ಲಿ ಒಂದು ವಿಧಿಯೇ ಇದೆ. ಅಣಬೆ ತಿನ್ನಿಸಿದರೆ ಎರಡು ದಿನ ಎಲ್ಲರ ನಂಬಿಕೆ ತುಂಬಿ ತುಳುಕುತ್ತದೆ, ಕಣ್ಣು ಗುಂಡಗಾಗಿ ಸುತ್ತುತ್ತದೆ. ಎದುರಾಡುವವನು ಹುಟ್ಟಿಕೊಂಡರೆ ಬೇಡಿ ಹಾಕಿ ನಿಲ್ಲಿಸಿ ದಿನಕ್ಕೊಮ್ಮೆ ಬುದ್ಧಿ ಹೇಳಿದರೆ ಸಾಕು, ಸರಿಹೋಗುತ್ತಾನೆ. ಹೊರಗಿನಿಂದ ಹುಡುಕಿಕೊಂಡು ಬರುವ ತಾಯಿ ಇಲ್ಲ, ಓಡಿಹೋದವನು ಹೇಳುವ ಕಥೆ ಇಲ್ಲ. ಓಡಿಹೋಗುವವನು ಸ್ವಲ್ಪ ಚಿನ್ನ ಕದ್ದುಕೊಂಡು ಹೋಗುತ್ತಾನೆ, ನಷ್ಟ ಅಷ್ಟೇ. ನಿಜವಾದ ಪಂಥಗಳಲ್ಲಿ ಸಿಕ್ಕಿ ನಲುಗಿದವರು ಇದನ್ನು ನೋಡಿ ನಗುತ್ತಾರೆಂದು ನಾನು ಖಂಡಿತ ಹೇಳಲಾರೆ.

ಹೋಲಿಕೆಗೆ ಇನ್ನೆರಡು ಆಟಗಳಿವೆ. ಕಿಟ್‌ಫಾಕ್ಸ್ ಗೇಮ್ಸ್ ತಂದ 'ದ ಶ್ರೌಡೆಡ್ ಐಲ್' 2017ರದು. ಅಲ್ಲಿ ದ್ವೀಪದ ಹಳ್ಳಿಯೊಂದಕ್ಕೆ ನೀವು ಮುಖ್ಯಸ್ಥರು, ಐದು ಮನೆತನಗಳು, ಪ್ರತಿ ಋತುವಿನ ಕೊನೆಗೆ ಒಬ್ಬರ ಬಲಿ. ಜನರಲ್ಲಿ ಬೆಳೆಸಬೇಕಾದ ಗುಣಗಳ ಪಟ್ಟಿಯಲ್ಲಿ ಅಜ್ಞಾನವೂ ಒಂದು, ವಿಧೇಯತೆಯೂ ಒಂದು. ಅಲ್ಲಿ ನಗು ಇಲ್ಲವೇ ಇಲ್ಲ, ಬಣ್ಣವೂ ಇಲ್ಲದಷ್ಟು ಕಮ್ಮಿ. ಆಡಿದವರು ಗೌರವದಿಂದ ಮಾತನಾಡುತ್ತಾರೆ, ಆದರೆ ಮತ್ತೆ ಆಡಿದೆ ಎನ್ನುವವರು ವಿರಳ. ಇನ್ನೊಂದು 'ಹನಿ, ಐ ಜಾಯಿನ್ಡ್ ಎ ಕಲ್ಟ್'. 2021ರಲ್ಲಿ ಅರೆಬೆಂದ ರೂಪದಲ್ಲಿ ಬಂತು, 2022ರಲ್ಲಿ ಪೂರ್ಣಗೊಂಡಿತು. 1970ರ ದಶಕದ ವೇಷಭೂಷಣ, ನೀವೇ ಆರಿಸಿದ ಆರಾಧ್ಯದೈವ, ಬಂದವರಿಗೆ ಬಗೆಬಗೆಯ 'ಚಿಕಿತ್ಸೆ' ಕೊಟ್ಟು ಹಣ, ನಂಬಿಕೆ, ಪ್ರಭಾವ ಮೂರನ್ನೂ ಸಂಪಾದಿಸುವುದು. ಇಲ್ಲಿಯ ಹಾಸ್ಯ ಹೆಚ್ಚು ಸ್ಪಷ್ಟ. ದುಡ್ಡಿನ ಮಾತನ್ನು ಕುರಿಮರಿಗಿಂತ ಇದು ಚೆನ್ನಾಗಿ ಆಡುತ್ತದೆ. ತೊಂದರೆಯೆಂದರೆ ಎಲ್ಲ ಹಾಸ್ಯವನ್ನೂ ಮೊದಲ ಸುತ್ತಿನಲ್ಲೇ ಖರ್ಚು ಮಾಡಿಬಿಡುತ್ತದೆ. ಆಮೇಲೆ ಉಳಿಯುವುದು ಕೋಣೆ ಕಟ್ಟುವುದು, ಕಾಯುವುದು, ಮತ್ತೆ ಕೋಣೆ ಕಟ್ಟುವುದು.

ಕುರಿಮರಿಗೂ ಕೊನೆಯಲ್ಲಿ ಇದೇ ಗತಿ ಎಂದು ದೂರಿದವರು ಹಲವರು. ಎಲ್ಲ ಕಟ್ಟಡ ತೆರೆದಾಯಿತು, ಎಲ್ಲ ಕಟ್ಟಳೆ ಹೊರಟಾಯಿತು, ತಾವೇ ಹೇಸಿಗೆ ಬಳಿದುಕೊಳ್ಳುವ ಅನುಯಾಯಿಗಳನ್ನೂ ನೇಮಿಸಿಯಾಯಿತು. ಈಗ ನಾಯಕನಿಗೆ ಕೆಲಸವಿಲ್ಲ. ಹತ್ತು ಜನರಿದ್ದಾಗ ಹೆಸರು ನೆನಪಿತ್ತು, ಇಪ್ಪತ್ತೈದಾದಾಗ ಯಾರು ಸತ್ತರೆಂದು ಸೂಚನೆಯನ್ನೂ ಓದುವುದಿಲ್ಲ. ತಂಡ ಈ ದೂರನ್ನು ಕೇಳಿಸಿಕೊಂಡಿತು ಎಂದೇ ಹೇಳಬೇಕು. 2023ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಉಚಿತ ಸೇರ್ಪಡೆ ಬಂತು, ಹೊಡೆದಾಟವನ್ನು ಗಟ್ಟಿ ಮಾಡಿತು, ಕಥೆ ಮುಗಿದ ಮೇಲೂ ಮಾಡಲು ಕೆಲಸ ಕೊಟ್ಟಿತು. 2024ರ ಜನವರಿಯಲ್ಲಿ 'ಸಿನ್ಸ್ ಆಫ್ ದ ಫ್ಲೆಶ್' ಬಂತು. ಅದರ ಹಿಂದಿನ ಕಥೆ ಆಟದಷ್ಟೇ ತಮಾಷೆಯದು. ವರ್ಷ ಮುಗಿಯುವುದರೊಳಗೆ ಟ್ವಿಟರ್‌ನಲ್ಲಿ ನಮ್ಮ ಹಿಂಬಾಲಕರು ಮೂರು ಲಕ್ಷ ದಾಟಿದರೆ ಆಟಕ್ಕೆ ಕಾಮವನ್ನೂ ಸೇರಿಸುತ್ತೇವೆ ಎಂದು ತಂಡ ಪಣ ತೊಟ್ಟಿತ್ತು. ಜನ ಮುಗಿಬಿದ್ದರು. ಕೊಟ್ಟ ಮಾತಿನಂತೆ ಜೋಡಿಗಳಿಗೊಂದು ಡೇರೆ ಬಂತು, ಡೇರೆಯಿಂದ ಮೊಟ್ಟೆ ಬಂತು, ಮೊಟ್ಟೆಯಿಂದ ಮರಿ ಬಂತು. ಮರಿ ಬಂದದ್ದು ಬರಿಯ ಚೇಷ್ಟೆಯಲ್ಲ: ನಾಯಕ ಕಾಡಿಗೆ ಹೋಗದೆಯೂ ಪಂಥ ಬೆಳೆಯುವಂತಾಯಿತು.

ದೋಷಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಬಿಡುಗಡೆಯಾದ ಹೊಸತರಲ್ಲಿ ನಿಂಟೆಂಡೊ ಸ್ವಿಚ್‌ನಲ್ಲಿ ಆಟ ತಡವರಿಸುತ್ತಿತ್ತು, ಬೀಡು ದೊಡ್ಡದಾದಷ್ಟೂ ತಡವರಿಕೆ ಹೆಚ್ಚು. ಮುಂದೆ ತಿದ್ದುಪಡಿಗಳು ಬಂದವು. ಇಷ್ಟಾದರೂ ಅದೇ ವರ್ಷ ದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಸ್ವತಂತ್ರ ಆಟದ ವಿಭಾಗಕ್ಕೆ ನಾಮನಿರ್ದೇಶನ ಸಿಕ್ಕಿತು. ಗೆದ್ದದ್ದು ಬೆಕ್ಕಿನ ಆಟ, 'ಸ್ಟ್ರೇ'.

ಬೆಕ್ಕಿನ ಮಾತು ಬಂದದ್ದರಿಂದ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಇನ್ನೂ ಆಡಿ ಮುಗಿಸದವರು ಒಂದು ಗಳಿಗೆ ಕಿವಿ ಮುಚ್ಚಿಕೊಳ್ಳಬಹುದು. ನಾಲ್ವರನ್ನೂ ಕೊಂದ ಮೇಲೆ 'ಕಾಯುತ್ತಿರುವವನು' ಕಿರೀಟ ವಾಪಸ್ ಕೇಳುತ್ತಾನೆ, ಅಂದರೆ ನಿಮ್ಮ ಜೀವ ಕೇಳುತ್ತಾನೆ. ಒಪ್ಪಿದರೆ ಅಲ್ಲಿಗೆ ಮುಗಿಯಿತು. ಒಪ್ಪದೆ ಹೋರಾಡಿ ಗೆದ್ದರೆ ಅವನನ್ನು ಕೊಲ್ಲಬಹುದು ಅಥವಾ ಉಳಿಸಬಹುದು. ಉಳಿಸಿದರೆ ಅವನು ಸಾಧಾರಣ ಕರಿ ಬೆಕ್ಕಾಗಿ ನಿಮ್ಮ ಬೀಡಿಗೇ ಅನುಯಾಯಿಯಾಗಿ ಬರುತ್ತಾನೆ, ನಾರಿಂಡರ್ ಎಂಬ ತನ್ನ ಹೆಸರಿನೊಂದಿಗೆ. ಆಟಗಾರರು ಅತಿ ಹೆಚ್ಚು ಪ್ರೀತಿಯಿಂದ ಮಾತನಾಡುವ ಪಾತ್ರ ಇದು. ಬಾಯಿ ತೆರೆದರೆ ಕಹಿ, ಮುಖ ಸದಾ ಗಂಟು. ಅವನಿಗೆ ಮರ ಕಡಿಯುವ ಕೆಲಸ ಹಚ್ಚಿದವರಿದ್ದಾರೆ. ಅವನನ್ನು ಮದುವೆಯಾದವರೂ ಇದ್ದಾರೆ. ಅನುಯಾಯಿಗಳನ್ನು ವರಿಸುವ ವಿಧಿ ಆಟದಲ್ಲಿ ಇದೆಯಲ್ಲ. ಪಂಥವೆಂದರೆ ಏನೆಂಬ ಗಂಭೀರ ಪ್ರಶ್ನೆ ಎತ್ತಿದವರೇ ಮುಂದಿನ ವಾಕ್ಯದಲ್ಲಿ ಈ ಬೆಕ್ಕಿನ ಗುಣಗಾನ ಶುರುಮಾಡುವುದನ್ನು ನೋಡಿದ್ದೇನೆ.

ಕೊನೆಗೆ, ಸಭೆಯಲ್ಲಿ ಯಾರೋ ಚೀಟಿ ಕಳಿಸಿ ಕೇಳಿದ ಪ್ರಶ್ನೆ: ಹೊಡೆದಾಟ ಬಾರದವರು ಇದನ್ನು ಆಡಬಹುದೇ? ಧಾರಾಳವಾಗಿ ಆಡಬಹುದು. ಕಷ್ಟದ ಮಟ್ಟವನ್ನು ಇಳಿಸಿಕೊಳ್ಳಲು ಅವಕಾಶವಿದೆ, ಆಟದ ನಡುವೆಯೂ ಬದಲಿಸಬಹುದು. 2024ರ ಆಗಸ್ಟ್‌ನಿಂದ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಆಡಿನ ವೇಷದಲ್ಲಿ ಜೊತೆಯಾಗಬಹುದು. ಹೊಡೆದಾಟ ಬಲ್ಲವರನ್ನು ಜೊತೆಗೆ ಕೂರಿಸಿಕೊಳ್ಳಿ. ಆದರೆ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಯಾತ್ರೆಯಿಂದ ಮರಳಿದ ಮೇಲೆ ಪೊರಕೆ ಹಿಡಿಯುವವರು ಯಾರು ಎಂದು. ಜೊತೆಯಾಗಿ ಆಡಿದವರಿಂದ ನಾನು ಹೆಚ್ಚಾಗಿ ಕೇಳಿರುವ ಜಗಳ ಅದೊಂದೇ.